ಅದು ಆಫ್ ಆಗಿದೆ ಕಣಮ್ಮ

ಖಾಲಿ ಕೋಣೆಯಲ್ಲಿ ಏನಾದರೂ ಉರಿಯುತ್ತಿದ್ದರೆ ನಮ್ಮಮ್ಮನಿಗೆ ಸಹಿಸಲು ಆಗುವುದಿಲ್ಲ. ಫ್ಯಾನು, ಲೈಟು, ಗೀಸರಿನ ಕೆಂಪು ದೀಪ, ಟಿ.ವಿ. ಪಕ್ಕದ ಡಬ್ಬಿ, ಫೋನು ಕಿತ್ತುಕೊಂಡು ಹೋದ ಮೇಲೂ ಗೋಡೆಗೆ ಜೋತುಬಿದ್ದಿರುವ ಚಾರ್ಜರ್, ಯಾವುದನ್ನೂ ಬಿಡುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಮನೆಯಿಡೀ ಒಂದು ಸುತ್ತು ಹಾಕಿ ಟಕ್ ಟಕ್ ಅಂತ ಎಲ್ಲ ಸ್ವಿಚ್ ಆರಿಸಿಯೇ ಮಲಗುವುದು.

ನಾನು ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಮಾಡಿದ ಪರದೆಯ ಸಾಧನ, ತಂದ ಮೊದಲನೇ ವಾರದಲ್ಲೇ ಅದೂ ಈ ಸುತ್ತಿಗೆ ಸಿಕ್ಕಿಬಿತ್ತು. ಓದಿ ಮುಗಿಸಿ, ಬಟನ್ ಒತ್ತಿ, ಮೇಜಿನ ಮೇಲೆ ಇಟ್ಟು ಮಲಗಿದ್ದೆ. ಅದರ ಪರದೆಯ ಮೇಲೆ ಯಾವುದೋ ಪೆನ್ಸಿಲ್‌ಗಳ ಚಿತ್ರ.

"ಲೋ, ಇದನ್ನ ಆರಿಸದೇ ಬಂದಿದ್ದೀಯಲ್ಲೋ."

"ಅದು ಆಫ್ ಆಗಿದೆ ಕಣಮ್ಮ."

"ಆಫ್ ಆಗಿದ್ರೆ ಚಿತ್ರ ಹೆಂಗೋ ಕಾಣತ್ತೆ?"

ಅದು ಹಾಗೇ, ಅದಕ್ಕೆ ಕರೆಂಟು ಬೇಡ ಅಂದೆ. ಅಮ್ಮ ನನ್ನ ಮುಖ ನೋಡಿದಳು. ಚಿಕ್ಕವನಿದ್ದಾಗ ಹೋಂವರ್ಕ್ ಆಗಿದೆ ಅಂತ ನಾನು ಹೇಳಿದಾಗಲೂ ಹೀಗೇ ನೋಡುತ್ತಿದ್ದಳು. ಆಮೇಲೆ ಆ ಸಾಧನವನ್ನು ಬೋರಲು ಹಾಕಿ ಹೋದಳು, ಹಾಗಾದರೂ ಸ್ವಲ್ಪ ಉಳಿಯಲಿ ಅಂತಲೋ ಏನೋ. ನನಗೆ ನಿದ್ದೆ ಬರಲಿಲ್ಲ. ಹದಿನೈದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವವನು ನಾನು, ಕರೆಂಟು ಇಲ್ಲದೆ ಚಿತ್ರ ಹೇಗೆ ನಿಲ್ಲುತ್ತದೆ ಅಂತ ನಮ್ಮಮ್ಮನಿಗೆ ಎರಡು ಮಾತಲ್ಲಿ ಹೇಳಲು ಬರಲಿಲ್ಲವಲ್ಲ. ಅವತ್ತಿಂದ ಇದರ ಹಿಂದೆ ಬಿದ್ದೆ.

ಮೊದಲು ಫೋನಿನ ಪರದೆ ನೋಡೋಣ. ಅದರಲ್ಲಿ ಒಂದು ಫೋಟೋ ತೆರೆದು ಸುಮ್ನೆ ಕೂತಿದ್ದೀರಿ ಅಂದುಕೊಳ್ಳಿ. ನಿಮ್ಮ ಕಣ್ಣಿಗೆ ಏನೂ ಬದಲಾಗುತ್ತಿಲ್ಲ. ಒಳಗೆ ಮಾತ್ರ, ಬಹಳಷ್ಟು ಫೋನುಗಳಲ್ಲಿ ಸೆಕೆಂಡಿಗೆ 60 ಸಲ, ಅದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಿರುತ್ತದೆ. ಎಲ್‌ಸಿಡಿ ಥರದ ಪರದೆ ಆದರೆ ಒಂದೊಂದು ಚುಕ್ಕಿಗೂ ಕೊಟ್ಟ ವಿದ್ಯುತ್ತು ಸೋರಿಹೋಗುತ್ತಿರುತ್ತದೆ, ಸೋರಿದ್ದನ್ನು ತುಂಬುತ್ತಲೇ ಇರಬೇಕು. ಸಾಲದ್ದಕ್ಕೆ ಹಿಂದೆ ಒಂದು ದೀಪ ಬೇರೆ. ಓಎಲ್ಇಡಿ ಆದರೆ ಚುಕ್ಕಿಯೇ ದೀಪ, ಕರೆಂಟು ಹೋದರೆ ಅದೂ ಹೋಯಿತು.

ನಮ್ಮ ಮನೆ ಭಾಷೆಯಲ್ಲೇ ಹೇಳುವುದಾದರೆ ಫೋನಿನ ಪರದೆ ಕಾಲಿಂಗ್ ಬೆಲ್ ಇದ್ದ ಹಾಗೆ. ಬೆರಳು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಸದ್ದು, ಬೆರಳು ತೆಗೆದರೆ ನಿಂತಿತು. ಇ-ರೀಡರಿನ ಪರದೆ ಲೈಟಿನ ಸ್ವಿಚ್ಚಿನ ಹಾಗೆ. ದೀಪದ ಮಾತಲ್ಲ, ನಾನು ಹೇಳುತ್ತಿರುವುದು ಸ್ವಿಚ್ಚಿನ ಗುಂಡಿಯ ಬಗ್ಗೆ. ಅದನ್ನು ಕೆಳಗೆ ತಳ್ಳಿದರೆ ಕೆಳಗೇ ಇರುತ್ತದೆ, ಮೇಲೆ ತಳ್ಳಿದರೆ ಮೇಲೇ ಇರುತ್ತದೆ. ಯಾರೂ ಹಿಡಿದುಕೊಂಡು ನಿಲ್ಲಬೇಕಾಗಿಲ್ಲ. ತಳ್ಳುವಾಗ ಮಾತ್ರ ಬೆರಳಿಗೆ ಕೆಲಸ. ಇಂಥದ್ದಕ್ಕೆ ಎಂಜಿನಿಯರುಗಳು 'ಬೈಸ್ಟೇಬಲ್' ಅನ್ನುತ್ತಾರೆ, ಎರಡು ಕಡೆಯೂ ನೆಲೆ ಇರುವಂಥದ್ದು. ಆದರೆ ಇ-ರೀಡರಿನಲ್ಲಿ ಬರೀ ಕಪ್ಪು ಬಿಳುಪಲ್ಲ, ನಡುವೆ ಬೂದಿ ಬಣ್ಣಗಳೂ ಸೇರಿ 16 ಛಾಯೆಗಳು ಬರುತ್ತವೆ, ನಡುವೆ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಸ್ವಿಚ್ಚಿಗಿಂತ ಫ್ಯಾನಿನ ರೆಗ್ಯುಲೇಟರ್ ಅಂದರೆ ಇನ್ನೂ ಸರಿ. ಮೂರಕ್ಕೆ ತಿರುಗಿಸಿದರೆ ಮೂರರಲ್ಲೇ ಇರುತ್ತದೆ, ಕರೆಂಟು ಹೋಗಿ ಬಂದರೂ.

ಅಲ್ಲಿ ತಿರುಗುವುದು ಏನು ಅಂತ ತಿಳಿಯಬೇಕಾದರೆ ಮಕ್ಕಳ ಮ್ಯಾಜಿಕ್ ಸ್ಲೇಟು ನೋಡಬೇಕು. ಅಕ್ಕನ ಮಗಳ ಹತ್ತಿರ ಒಂದಿದೆ. ಬಿಳಿ ಹಲಗೆ, ದಾರ ಕಟ್ಟಿದ ಆಯಸ್ಕಾಂತದ ಪೆನ್ನು, ಕೆಳಗೆ ಒಂದು ಜಾರುಪಟ್ಟಿ. ಪೆನ್ನು ಎಳೆದಲ್ಲಿ ಕಪ್ಪು ಗೆರೆ ಮೂಡುತ್ತದೆ, ಪಟ್ಟಿ ಎಳೆದರೆ ಎಲ್ಲ ಮಾಯ. 1974ರಲ್ಲಿ ಜಪಾನಿನ ಪೈಲಟ್ ಕಂಪನಿ, ಹೌದು, ಅದೇ ಪೆನ್ನು ಮಾಡುವವರು, ಇದನ್ನು ಕಂಡುಹಿಡಿದರು. ಹತ್ತಿರದಿಂದ ನೋಡಿದರೆ ಹಲಗೆಯೊಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಆರು ಮೂಲೆಯ ಕೋಣೆಗಳು ಕಾಣುತ್ತವೆ. ಪ್ರತಿ ಕೋಣೆಯಲ್ಲೂ ಗಂಜಿಯಂಥ ಬಿಳಿ ದ್ರವ, ಅದರೊಳಗೆ ಆಯಸ್ಕಾಂತಕ್ಕೆ ಓಗೊಡುವ ಕಪ್ಪು ಪುಡಿ. ಪೆನ್ನು ಪುಡಿಯನ್ನು ಮೇಲಕ್ಕೆ ಎಳೆಯುತ್ತದೆ, ಹಿಂದಿನ ಪಟ್ಟಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಗಂಜಿ ಗಟ್ಟಿ ಇರುವುದರಿಂದ ಮೇಲೆ ಬಂದದ್ದು ತಾನಾಗಿ ಕೆಳಗೆ ಬೀಳುವುದಿಲ್ಲ. ಮಗು ಬೆಳಿಗ್ಗೆ ಬರೆದ ಆನೆ ಸಂಜೆಗೂ ಹಾಗೇ ಇರುತ್ತದೆ, ಶೆಲ್ಲು ಬ್ಯಾಟರಿ ಏನೂ ಇಲ್ಲದೆ.

ಇ-ರೀಡರಿನ ಪರದೆಯೂ ಹೆಚ್ಚುಕಮ್ಮಿ ಇದೇ. ಆಯಸ್ಕಾಂತದ ಜಾಗದಲ್ಲಿ ವಿದ್ಯುತ್ತು, ಜೇನುಗೂಡಿನ ಕೋಣೆಗಳ ಜಾಗದಲ್ಲಿ ತಲೆಕೂದಲಿನ ದಪ್ಪಕ್ಕಿಂತ ಮೀರದ ಸಣ್ಣ ಗುಳ್ಳೆಗಳು. ಒಂದೊಂದು ಗುಳ್ಳೆಯೊಳಗೂ ತಿಳಿಯಾದ ಎಣ್ಣೆಯಂಥ ದ್ರವ. ಅದರಲ್ಲಿ ಎರಡು ಥರದ ಪುಡಿ. ಬಿಳಿಯದು ಟೈಟಾನಿಯಂ ಡೈಆಕ್ಸೈಡ್, ನಮ್ಮ ಗೋಡೆಯ ಬಿಳಿ ಪೇಂಟಿನಲ್ಲೂ ಇರುವುದು ಅದೇ. ಇನ್ನೊಂದು ಕಪ್ಪು. ಬಿಳಿ ಕಣಗಳಿಗೆ ಒಂದು ಥರದ ವಿದ್ಯುತ್ ಚಾರ್ಜು, ಕಪ್ಪು ಕಣಗಳಿಗೆ ಅದಕ್ಕೆ ವಿರುದ್ಧದ್ದು. ಗುಳ್ಳೆಗಳ ಹಾಸಿನ ಮೇಲೆ ಪಾರದರ್ಶಕವಾದ ಒಂದು ತೆಳು ವಿದ್ಯುತ್ ಪದರ, ಕೆಳಗೆ ಒಂದೊಂದು ಚುಕ್ಕಿಗೂ ಒಂದೊಂದು ಪುಟ್ಟ ಫಲಕ. ಕೆಳಗಿನ ಫಲಕಕ್ಕೆ ಬಿಳಿ ಕಣಗಳದೇ ಚಾರ್ಜಿನ 15 ವೋಲ್ಟ್ ಆಸುಪಾಸು ಕೊಟ್ಟರೆ ಬಿಳಿ ಕಣಗಳು ಮೇಲಕ್ಕೆ ಓಡುತ್ತವೆ, ಆ ಜಾಗ ಬಿಳಿ. ತಿರುಗುಮುರುಗು ಕೊಟ್ಟರೆ ಕಪ್ಪು ಮೇಲೆ, ಅಲ್ಲಿ ಅಕ್ಷರ. ನಡುವೆ ನಿಲ್ಲಿಸಿದರೆ ಬೂದಿ. ಆಮೇಲೆ ವಿದ್ಯುತ್ತು ತೆಗೆದುಬಿಡಿ. ಪುಡಿ ಇದ್ದಲ್ಲೇ ಇರುತ್ತದೆ. ಅದಕ್ಕೆ ಸ್ವಂತ ಬೆಳಕೂ ಇಲ್ಲ, ಕಿಟಕಿಯಿಂದ ಬಂದ ಬೆಳಕು ಅದಕ್ಕೆ ಬಡಿದು ನಮ್ಮ ಕಣ್ಣಿಗೆ ಬರುತ್ತದೆ, ಕಾಗದದ ಮೇಲಿನ ಮಸಿಯಿಂದ ಬರುವ ಹಾಗೆಯೇ. ಅದಕ್ಕೇ ಬಿಸಿಲಿದ್ದಷ್ಟೂ ಚೆನ್ನಾಗಿ ಕಾಣುವುದು.

ಇಷ್ಟು ತಿಳಿದ ಮೇಲೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟು ಭಾರ, ಎಣ್ಣೆಯೋ ನೀರಿಗಿಂತ ಹಗುರ. ಎಣ್ಣೆಯಲ್ಲಿ ಪುಡಿ ಕಲಸಿಟ್ಟರೆ ಏನಾಗುತ್ತದೆ ಅಂತ ಉಪ್ಪಿನಕಾಯಿ ಜಾಡಿ ನೋಡಿದವರಿಗೆಲ್ಲ ಗೊತ್ತು, ಪುಡಿ ತಳ ಸೇರುತ್ತದೆ, ಎಣ್ಣೆ ಮೇಲೆ ನಿಲ್ಲುತ್ತದೆ. ಹಾಗಿದ್ದ ಮೇಲೆ ನನ್ನ ಪುಸ್ತಕದ ಅಕ್ಷರಗಳೆಲ್ಲ ಯಾಕೆ ಜಾರಿ ಪುಟದ ಕೆಳಗೆ ಗುಡ್ಡೆ ಬೀಳುವುದಿಲ್ಲ?

ಬೀಳುತ್ತಿದ್ದವು! 1970ರ ಆಸುಪಾಸಿನಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯಲ್ಲಿ ಇಸಾವೊ ಓಟಾ ಎನ್ನುವವರು ಇದೇ ಉಪಾಯದ ಪರದೆ ಮಾಡಿದ್ದರು, ಬಣ್ಣದ ದ್ರವದಲ್ಲಿ ಚಾರ್ಜು ಇರುವ ಕಣಗಳು, ಎರಡು ಕಡೆ ವಿದ್ಯುತ್ ಫಲಕ. ಕೆಲಸ ಮಾಡಿತು, ಆದರೆ ಬಾಳಿಕೆ ಬರಲಿಲ್ಲ. ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು, ಪಕ್ಕಕ್ಕೆ ಸರಿದು ಒಂದೇ ಕಡೆ ಸೇರುತ್ತಿದ್ದವು, ತಳಕ್ಕೆ ಕೂರುತ್ತಿದ್ದವು. ಅಮೆರಿಕದಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ನಿಕ್ ಶೆರಿಡನ್ ಅದೇ ದಶಕದಲ್ಲಿ ಬೇರೆ ದಾರಿ ಹಿಡಿದರು. ಅರ್ಧ ಕಪ್ಪು ಅರ್ಧ ಬಿಳಿ ಇರುವ ಗುಂಡುಗಳನ್ನು ರಬ್ಬರಿನಂಥ ಹಾಳೆಯೊಳಗೆ ಕೂರಿಸಿ, ವಿದ್ಯುತ್ತು ಕೊಟ್ಟಾಗ ಅವು ಮಗ್ಗುಲು ತಿರುಗುವ ಹಾಗೆ ಮಾಡಿದರು. ಜೈರಿಕಾನ್ ಅಂತ ಅದರ ಹೆಸರು. ಐಡಿಯಾ ಸೊಗಸಾಗಿತ್ತು, ಆದರೆ ಪುಸ್ತಕ ಓದುವಷ್ಟು ನುಣುಪಾದ ಅಕ್ಷರ ಅದರಿಂದ ಬರಲಿಲ್ಲ.

ಗಂಟು ಬಿಡಿಸಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನಲ್ಲಿ. ಜೋಸೆಫ್ ಜೇಕಬ್‌ಸನ್ ಎಂಬ ವಿಜ್ಞಾನಿ, ಸಮುದ್ರದ ದಂಡೆಯಲ್ಲಿ ಕೈಯಲ್ಲಿದ್ದ ಪುಸ್ತಕ ಮುಗಿದುಹೋಗಿ, ಓದಲು ಇನ್ನೊಂದು ಇಲ್ಲದೆ ಕೂತಾಗ ಈ ಯೋಚನೆ ಬಂತು ಅಂತ ಕತೆ ಹೇಳುತ್ತಾರೆ. ಕೆಲಸಕ್ಕೆ ಕೂತವರು ಬ್ಯಾರೆಟ್ ಕಾಮಿಸ್ಕಿ ಮತ್ತು ಜೆ.ಡಿ. ಆಲ್ಬರ್ಟ್, ಇಬ್ಬರೂ ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗರು. ಕಣಗಳು ಊರೆಲ್ಲ ಅಲೆಯುವುದೇ ತೊಂದರೆ ಅಲ್ವಾ, ಹಾಗಾದರೆ ಅವನ್ನು ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಕೂಡಿಹಾಕಿಬಿಟ್ಟರೆ? ಜಾರಿದರೂ ಕೂದಲೆಳೆಯಷ್ಟೇ ಜಾರಬೇಕು. 1997ರಲ್ಲಿ ಮಾದರಿ ಸಿದ್ಧವಾಯಿತು, ಅದೇ ವರ್ಷ ಇ ಇಂಕ್ ಕಂಪನಿ ಶುರುವಾಯಿತು, 1998ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಬಂತು.

ನನಗೆ ಬಹಳ ಇಷ್ಟವಾದದ್ದು ಗುಳ್ಳೆ ಮಾಡುವ ರೀತಿ, ಯಾಕೆಂದರೆ ಅದು ಹೊಸದೇ ಅಲ್ಲ. ಅಂಗಡಿಗಳಲ್ಲಿ ಒಂದು ಥರದ ಬಿಲ್ ಬುಕ್ ಇರುತ್ತದೆ, ನಡುವೆ ನೀಲಿ ಕಾರ್ಬನ್ ಹಾಳೆ ಇಡದಿದ್ದರೂ ಮೇಲೆ ಬರೆದದ್ದು ಕೆಳಗಿನ ಹಾಳೆಗೆ ಇಳಿಯುತ್ತದೆ. ಮೇಲಿನ ಹಾಳೆಯ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಬಳಿದಿರುತ್ತಾರೆ, ಪೆನ್ನಿನ ಒತ್ತಡಕ್ಕೆ ಅವು ಒಡೆದು ಒಳಗಿನ ಬಣ್ಣ ಹೊರಬರುತ್ತದೆ. 1950ರ ದಶಕದ ತಂತ್ರ ಅದು. ಜೆಲಟಿನ್ ಮತ್ತು ಜಾಲಿ ಜಾತಿಯ ಮರದ ಅಂಟನ್ನು ನೀರಿನಲ್ಲಿ ಬೆರೆಸಿ, ಎಣ್ಣೆಯ ಹನಿಗಳ ಸುತ್ತ ತೆಳ್ಳನೆ ಸಿಪ್ಪೆ ಕಟ್ಟುವ ಹಾಗೆ ಮಾಡುವುದು. ಇ ಇಂಕ್‌ನವರ ಪೇಟೆಂಟುಗಳಲ್ಲೂ ಅದೇ ಜೆಲಟಿನ್, ಅದೇ ಅಂಟು. ಬಿಲ್ ಬುಕ್ಕಿನಲ್ಲಿ ಗುಳ್ಳೆ ಒಡೆಯಬೇಕು, ಇಲ್ಲಿ ಒಡೆಯಬಾರದು, ಅಷ್ಟೇ ವ್ಯತ್ಯಾಸ. (ಜೆಲಟಿನ್ ಮಾಡುವುದು ಪ್ರಾಣಿಗಳ ಮೂಳೆ, ಚರ್ಮದಿಂದ ಅಂತ ಅಮ್ಮನಿಗೆ ನಾನು ಹೇಳಿಲ್ಲ. ಏಕಾದಶಿ ದಿನ ಇ-ರೀಡರಿನಲ್ಲೇ ಸ್ತೋತ್ರ ಓದುತ್ತಾಳೆ.)

ಗುಳ್ಳೆಯಲ್ಲಿ ಕೂಡಿಹಾಕಿದರೂ ಗುಳ್ಳೆಯೊಳಗೇ ಪುಡಿ ಜಾರಬಹುದಲ್ಲ. ಎಣ್ಣೆಯನ್ನು ಮ್ಯಾಜಿಕ್ ಸ್ಲೇಟಿನ ಹಾಗೆ ಗಂಜಿ ಮಾಡಿಬಿಟ್ಟರೆ ಚಿತ್ರವೇನೋ ನಿಲ್ಲುತ್ತದೆ, ಆದರೆ ಪುಟ ತಿರುಗಿಸಲು ಯುಗ ಬೇಕಾಗುತ್ತದೆ. ತೆಳ್ಳಗೆ ಇಟ್ಟರೆ ಬೇಗ ಓಡುತ್ತವೆ, ಬೇಗ ಚೆದುರುತ್ತವೆ. ಈ ಎಳೆದಾಟಕ್ಕೆ ಇ ಇಂಕ್‌ನವರು ಹುಡುಕಿದ ಒಂದು ಉಪಾಯ ಓದಿ ನಾನು ಒಬ್ಬನೇ ಕೂತು ನಕ್ಕೆ. ಎಣ್ಣೆಯಲ್ಲಿ ಪಾಲಿಐಸೊಬ್ಯುಟಿಲೀನ್ ಎಂಬ ಒಂದು ಪಾಲಿಮರನ್ನು ಚೂರು ಕರಗಿಸುತ್ತಾರೆ, ಚೂಯಿಂಗ್ ಗಮ್ಮಿಗೂ ಹಾಕುವ ಸಾಮಾನು ಅದು. ಅದರ ಅಣುಗಳು ಉದ್ದ ದಾರ ಸುತ್ತಿಟ್ಟ ಉಂಡೆಗಳ ಹಾಗೆ. ಎರಡು ಕಣಗಳು ತೀರಾ ಹತ್ತಿರ ಬಂದಾಗ ನಡುವಿನ ಸಂದಿಯಲ್ಲಿ ಈ ಉಂಡೆಗಳು ಹಿಡಿಸುವುದಿಲ್ಲ. ಸಂದಿಯಲ್ಲಿ ಯಾರೂ ಇಲ್ಲ, ಹೊರಗಡೆ ಎಲ್ಲ ಕಡೆಯಿಂದ ಗುಂಪು ಒತ್ತುತ್ತಿದೆ, ಆಗ ಆ ಎರಡು ಕಣ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಜಾತ್ರೆಯಲ್ಲಿ ಗಂಡ ಹೆಂಡತಿ ಬೇಡವೆಂದರೂ ಒತ್ತಿಕೊಂಡೇ ನಡೆಯಬೇಕಲ್ಲ, ಹಾಗೆ. ಅಂಟು ಬಲವಾದದ್ದಲ್ಲ. ಸುಮ್ಮನಿದ್ದಾಗ ಒಟ್ಟಾಗಿ ನಿಲ್ಲಲು ಸಾಕು, 15 ವೋಲ್ಟ್ ಬಂದ ಕೂಡಲೇ ಬಿಟ್ಟು ಓಡಲು ಅಡ್ಡಿಯಿಲ್ಲ.

ಹೀಗಿದ್ದರೂ ಚಿತ್ರ ಸೂರ್ಯಚಂದ್ರರಿರುವವರೆಗೆ ಅಚ್ಚುಕಟ್ಟಾಗಿ ಇರುತ್ತದೆ ಅಂತಲ್ಲ. ಬಿಳಿ ಸ್ವಲ್ಪ ಮಂಕಾಗುತ್ತದೆ, ಕಪ್ಪು ಸ್ವಲ್ಪ ಸಡಿಲುತ್ತದೆ, ನಿಧಾನಕ್ಕೆ.

ಈ ಪರದೆಗೆ ಇನ್ನೊಂದು ವಿಚಿತ್ರ ಗುಣವಿದೆ. ತಾನು ಏನು ತೋರಿಸುತ್ತಿದ್ದೇನೆ ಅಂತ ಅದಕ್ಕೇ ಗೊತ್ತಿಲ್ಲ. ಬರೆಯಬಹುದು, ಬರೆದದ್ದನ್ನು ಅದರಿಂದ ವಾಪಸ್ ಕೇಳಲು ಬರುವುದಿಲ್ಲ. ಹಾಗಾಗಿ ಸಾಧನದ ಚಿಪ್ಪು 'ಈ ಚುಕ್ಕಿ ಈಗ ಈ ಬೂದಿಯಲ್ಲಿದೆ' ಅಂತ ಪಕ್ಕದಲ್ಲಿ ಲೆಕ್ಕ ಇಟ್ಟುಕೊಳ್ಳುತ್ತದೆ. ಹಳೇ ಬಣ್ಣದಿಂದ ಹೊಸ ಬಣ್ಣಕ್ಕೆ ಹೋಗಲು ಎಷ್ಟು ಹೊತ್ತು ಯಾವ ಕಡೆ ತಳ್ಳಬೇಕು ಅನ್ನುವುದಕ್ಕೆ ಒಂದು ದೊಡ್ಡ ಮಗ್ಗಿ ಪುಸ್ತಕವೇ ಅದರೊಳಗಿದೆ. ಚಳಿಯಲ್ಲಿ ಎಣ್ಣೆ ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ತೆಳ್ಳಗಾಗುತ್ತದೆ, ಆದ್ದರಿಂದ ಉಷ್ಣತೆ ನೋಡಿ ಬೇರೆ ಬೇರೆ ಮಗ್ಗಿ. ಲೆಕ್ಕ ಚೂರು ತಪ್ಪಿದರೆ ಹಿಂದಿನ ಪುಟದ ನೆರಳು ಉಳಿಯುತ್ತದೆ. ಕನ್ನಡದಲ್ಲಿ ಓದುವವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ, ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಹೋದ ಪುಟದ ಒತ್ತಕ್ಷರಗಳು ದೆವ್ವದ ಹಾಗೆ ನೇತಾಡುತ್ತಿರುತ್ತವೆ. ಆಗಾಗ ಪರದೆ ಪೂರ್ತಿ ಕಪ್ಪಾಗಿ ಬೆಳ್ಳಗಾಗಿ ಮಿಟುಕುತ್ತದಲ್ಲ, ಅದು ಸ್ಲೇಟು ಒರೆಸುವ ಕೆಲಸ. ಬ್ಯಾಟರಿ ಪೂರ್ತಿ ಸತ್ತು ಮತ್ತೆ ಎದ್ದರಂತೂ ಆ ಲೆಕ್ಕವೇ ಅಳಿಸಿಹೋಗಿರುತ್ತದೆ. ಚಿತ್ರ ಮಾತ್ರ ಕಣ್ಣೆದುರೇ ಇದೆ! ಪಾಪ, ಮತ್ತೆ ಒಂದರಿಂದ ಶುರು, ಎಲ್ಲ ಒರೆಸಿಕೊಂಡೇ ಮುಂದೆ.

ನಾನು ಇಂಥ ಪರದೆ ಮೊದಲು ನೋಡಿದ್ದು ಪುಸ್ತಕದ ಸಾಧನದಲ್ಲಲ್ಲ. ಸೋನಿಯವರ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ ಬಂತು, ಅಮೆಜಾನಿನ ಕಿಂಡಲ್ 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಂತು, ಅವು ಯಾವುದೂ ನಮ್ಮ ಕೈಗೆ ಸಿಗುವಂತಿರಲಿಲ್ಲ. ನಮಗೆ ಸಿಕ್ಕಿದ್ದು ಮೊಟೊರೊಲಾದ ಎಫ್3 ಫೋನು. 2006ರ ಕೊನೆಯಲ್ಲಿ ಇಂಡಿಯಾಕ್ಕೆ ಬಂತು, ಅಗ್ಗದ್ದು, ಬಿಸ್ಕತ್ತಿನಷ್ಟು ತೆಳ್ಳಗೆ. ಮಾವನ ಜೇಬಲ್ಲಿ ಇತ್ತು. ಪರದೆಯಲ್ಲಿ ಸಾಲಿಗೆ ಆರಕ್ಷರದಂತೆ ಎರಡೇ ಸಾಲು. ಮಟಮಟ ಮಧ್ಯಾಹ್ನ ತೋಟದಲ್ಲಿ ನಿಂತು ನಾವೆಲ್ಲ ಫೋನಿಗೆ ಅಂಗೈ ಮರೆಮಾಡಿ ನಂಬರ್ ಹುಡುಕುತ್ತಿದ್ದರೆ ಮಾವ ಸುಮ್ಮನೆ ತೆಗೆದು ನೋಡಿ ಮಾತಾಡುತ್ತಿದ್ದರು. ಆಗ ಅದು ಇ-ಪೇಪರ್, ಅಂದರೆ ಇದೇ ಪುಡಿಯ ಪರದೆ, ಅಂತ ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ಈಗ ಬ್ಯಾಟರಿಯೇ ಇಲ್ಲದ ಇ-ಪೇಪರ್ ಕಾರ್ಡುಗಳೂ ಬಂದಿವೆ. ಫೋನನ್ನು ಹತ್ತಿರ ಹಿಡಿದರೆ ಅದರ ಎನ್ಎಫ್‌ಸಿಯಿಂದಲೇ, ಅಂದರೆ ತೀರಾ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವ ಅದರ ನಿಸ್ತಂತು ಸಂಪರ್ಕದಿಂದಲೇ, ಚೂರು ವಿದ್ಯುತ್ತು ಕುಡಿದು ಹೊಸ ಚಿತ್ರ ಬರೆದುಕೊಂಡು ಕೂರುತ್ತವೆ. ಫೋನು ತೆಗೆದ ಮೇಲೂ ಅದೇ ಚಿತ್ರ.

ಅಮ್ಮನ ಕಡೆಗೂ ಸ್ವಲ್ಪ ನ್ಯಾಯ ಇದೆ ಅಂತ ಒಪ್ಪಬೇಕು. 2012ರಿಂದ ಈಚೆಗೆ ಬಹಳಷ್ಟು ಇ-ರೀಡರುಗಳ ಅಂಚಿನಲ್ಲಿ ಸಣ್ಣ ಎಲ್ಇಡಿ ದೀಪಗಳಿರುತ್ತವೆ, ಪರದೆಯ ಮುಂಭಾಗದ ಮೇಲೆ ಬೆಳಕು ಹರಡಲು. ಆ ದೀಪ ಉರಿಯುತ್ತಿದ್ದರೆ ಕರೆಂಟು ಖರ್ಚೇ. ವೈಫೈಗೂ ಖರ್ಚು. ಚಿತ್ರ ನಿಲ್ಲಿಸಲು ಮಾತ್ರ ಖರ್ಚಿಲ್ಲ. ಒಂದು ಚಾರ್ಜಿಗೆ ವಾರಗಟ್ಟಲೆ ಬರುವುದು ಆ ಉಳಿತಾಯದಿಂದ.

ಇನ್ನು ನನ್ನ ಸಾಧನದ ಗತಿ. ಮೈಸೂರಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗುತ್ತಿದ್ದೆ. ಹಾಸನದವರೆಗೆ ಓದಿ ಬ್ಯಾಗಿಗೆ ಹಾಕಿ, ಬ್ಯಾಗು ಮೇಲಿಟ್ಟು ನಿದ್ದೆ ಹೋದೆ. ಅರಸೀಕೆರೆಯಲ್ಲಿ ಹತ್ತಿದ ಪುಣ್ಯಾತ್ಮರೊಬ್ಬರು ಅರ್ಧ ಚೀಲ ತೆಂಗಿನಕಾಯಿ ತಂದು ನನ್ನ ಬ್ಯಾಗಿನ ಮೇಲೇ ಹೇರಿದ್ದಾರೆ. ಪುಡಿ, ಗುಳ್ಳೆ ಎಲ್ಲ ಮೆತ್ತಗಿನವೇ, ಅವಕ್ಕೇನೂ ಆಗುತ್ತಿರಲಿಲ್ಲ, ಅವುಗಳ ಹಿಂದಿರುವ ಚುಕ್ಕಿ ಫಲಕಗಳ ಗಾಜು ಮಾತ್ರ ಹಪ್ಪಳ. ಕಡೂರಿನಲ್ಲಿ ತೆಗೆದು ನೋಡಿದರೆ ಮೇಲಿನ ಮುಕ್ಕಾಲು ಭಾಗ ಹಾಸನದಲ್ಲಿ ಬಿಟ್ಟ ಪುಟದಲ್ಲೇ ನಿಂತಿದೆ, ಕೆಳಗಿನ ಎಡಮೂಲೆ ಮಾತ್ರ ಪುಟ ತಿರುಗಿಸಿದಂತೆಲ್ಲ ಬದಲಾಗುತ್ತದೆ, ನಡುವೆ ಗೀರು ಗೀರು. ಉಳಿದ ಪುಟದ ಕೊನೆಯ ಪದ "ಅಷ್ಟರಲ್ಲಿ". ಅದರಾಚೆಗೆ ಬಿರುಕು.

ರಿಪೇರಿಯವರು ಪರದೆ ಬದಲಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಸರ್ ಅಂದರು. ಹೊಸದು ತಂದೆ. ಹಳೆಯದರ ಬ್ಯಾಟರಿ ಬಿಚ್ಚಿ ಇ-ಕಸಕ್ಕೆ ಕೊಟ್ಟು, ಉಳಿದದ್ದನ್ನು ಪುಸ್ತಕದ ಕಪಾಟಿನಲ್ಲಿ ಒರಗಿಸಿಟ್ಟಿದ್ದೇನೆ. ಒಂದೂವರೆ ವರ್ಷ ಆಯಿತು. ಹಿನ್ನೆಲೆ ಚೂರು ಹಳದಿ ಬೂದಿಗೆ ತಿರುಗಿದೆ ಅನ್ನುವುದು ಬಿಟ್ಟರೆ "ಅಷ್ಟರಲ್ಲಿ" ಇನ್ನೂ ಹಾಗೇ ಇದೆ.

ಹೋದ ವಾರ ಅಕ್ಕನ ಮಗಳು ತನ್ನ ಜೇಬಿನ ಮೈಕ್ರೋಸ್ಕೋಪ್ ತಂದಿದ್ದಳು. ಬೆಂಕಿಪೊಟ್ಟಣದಷ್ಟಿದೆ, 60 ಪಟ್ಟು ದೊಡ್ಡದು ಮಾಡುತ್ತದೆ, ಅದಕ್ಕೇ ಒಂದು ಪುಟ್ಟ ಎಲ್ಇಡಿ ಇದೆ. ಇರುವೆ, ಉಪ್ಪು, ನನ್ನ ಉಗುರು ಎಲ್ಲ ಆದ ಮೇಲೆ ಈ ಒಡೆದ ಪರದೆಯ ಮೇಲಿಟ್ಟು ನೋಡಿದೆವು. ಕಣ್ಣಿಗೆ ಅಷ್ಟು ನುಣುಪಾಗಿ ಕಾಣುವ "ಷ್ಟ" ಅಲ್ಲಿ ಬೇರೆಯೇ. ಅಂಚು ನೇರವಾಗಿಲ್ಲ, ಕೆರೆಯ ದಂಡೆಯ ಹಾಗೆ ಏರುಪೇರು. ಒತ್ತಾಗಿ ಜೋಡಿಸಿದ ಗುಂಡು ಗುಂಡು ಗುಳ್ಳೆಗಳು, ದೊಡ್ಡದು, ಚಿಕ್ಕದು, ಒಂದಕ್ಕೊಂದು ಒತ್ತಿ ಚಪ್ಪಟೆಯಾದದ್ದು. ಗುಳ್ಳೆಗಳಿಗೂ ಕೆಳಗಿನ ಚುಕ್ಕಿಗಳಿಗೂ ಅಳತೆ ಹೊಂದುವುದಿಲ್ಲ, ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಹಾಗಾಗಿ ಅಕ್ಷರದ ಅಂಚಿಗೆ ಸಿಕ್ಕ ಗುಳ್ಳೆಗಳಲ್ಲಿ ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಬಿಳಿ. ಬ್ಯಾಟರಿ ಇಲ್ಲ, ಒಂದು ತಂತಿಯೂ ಇಲ್ಲ, ಆ ಅರ್ಧ ಅರ್ಧ ಹಾಗೇ ನಿಂತಿದೆ, ಹಾಸನದಿಂದ.

ಅಮ್ಮನನ್ನು ಕರೆದೆ. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಸಬ್ಬಕ್ಕಿ ನೆನೆಸಿಟ್ಟ ಹಾಗಿದೆ."

"ಅದೇ ಅಮ್ಮ. ಒಂದೊಂದರ ಒಳಗೂ ಕಪ್ಪು ಪುಡಿ, ಬಿಳಿ ಪುಡಿ."

"ಇದಕ್ಕೆ ಈಗ ಕರೆಂಟು ಇಲ್ವಾ?"

"ಬ್ಯಾಟರೀನೇ ಇಲ್ಲ ಕಣಮ್ಮ. ನೋಡು, ಹಿಂದೆ ಖಾಲಿ."

ತಿರುಗಿಸಿ ನೋಡಿದಳು. ಬೆರಳು ಹಾಕಿ ಬ್ಯಾಟರಿ ಇದ್ದ ಗುಂಡಿಯನ್ನು ಮುಟ್ಟಿ ನೋಡಿದಳು. ಹೂಂ ಅಂದಳು. ಆಮೇಲೆ ಮೈಕ್ರೋಸ್ಕೋಪನ್ನು ನನ್ನ ಕೈಗಿಟ್ಟು, "ಇದರ ದೀಪ ಉರೀತಾನೇ ಇದೆ, ಇದನ್ನಾದ್ರೂ ಆರಿಸು" ಅಂತ ಹೇಳಿ ಒಳಗೆ ಹೋದಳು.